ನಮ್ಮ ತಂಡದ ಖಾಲಾ

ಖಾಲಾನ ತೋರುಬೆರಳನ್ನು ಮೊಬೈಲ್ ಗುರುತಿಸುತ್ತಿರಲಿಲ್ಲ. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು ಅದು. ತುದಿಯ ಚರ್ಮ ಒಣಗಿ ದಪ್ಪಗಟ್ಟಿತ್ತು, ತಂಬಾಕಿನ ಕಂದು ಉಗುರಿನ ಒಳಗೂ ಇಳಿದಿತ್ತು. ಗಾಜಿನ ಮೇಲೆ ಎಷ್ಟು ಒತ್ತಿದರೂ ಪರದೆ ಕದಲುತ್ತಿರಲಿಲ್ಲ. ಅದಕ್ಕೆ ಅವರು ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡು, ಬೆರಳನ್ನು ಆಗಾಗ ಅದಕ್ಕೆ ಒತ್ತಿಕೊಂಡು ಆಡುತ್ತಿದ್ದರು.

ನಿಪ್ಪಾಣಿಯಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ಖಾಲಾನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಇಚಲಕರಂಜಿ ಕಡೆ ಕೊಟ್ಟಿದ್ದರು. ಖಾಲಾ ಅಂದರೆ ಚಿಕ್ಕವ್ವ; ಓಣಿಯಲ್ಲಿ ಎಲ್ಲ ಜಾತಿಯವರಿಗೂ ಅವರು ಖಾಲಾನೇ. ಉಬ್ಬಸ ಹೆಚ್ಚಾಗಿ, ಇನ್ನು ತಂಬಾಕು ಮುಟ್ಟಬಾರದೆಂದು ಡಾಕ್ಟರು ಹೇಳಿದ ಮೇಲೆ ಬೀಡಿ ಬಿಟ್ಟಿದ್ದರು. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತ ಕೂತಾಗ ಸೆರಗಿನ ಅಂಚನ್ನು ಸುರುಳಿ ಸುತ್ತುವರು, ಬಿಚ್ಚುವರು, ಮತ್ತೆ ಸುತ್ತುವರು.

ನಾನು ಬೇಡಕಿಹಾಳದಿಂದ ಬಂದವನು. ಬಿ.ಕಾಂ ಮುಗಿಸಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತೇನೆಂದು ಅವ್ವನಿಗೆ ಹೇಳಿ ಕೋಣೆ ಹಿಡಿದಿದ್ದೆ. ಓದಿದ್ದು ಮೊದಲ ಎರಡು ತಿಂಗಳು. ಆಮೇಲೆ ಮೊಬೈಲ್ ಆಟವೇ ನನ್ನ ಬದುಕಾಯಿತು. ಊಟ, ಸ್ನಾನ ಎಲ್ಲ ಎರಡು ಆಟಗಳ ನಡುವಿನ ಬಿಡುವಿನಲ್ಲಿ. ಇದನ್ನೇ ವೃತ್ತಿ ಮಾಡಿಕೊಂಡು ಹೆಸರು ಮಾಡಿದವರಿದ್ದಾರೆ, ನಾನೂ ಅವರಲ್ಲೊಬ್ಬನಾಗುತ್ತೇನೆ ಎಂದು ನಂಬಿದ್ದೆ.

ಒಂದು ಮಧ್ಯಾಹ್ನ ನಾನು "ಹಿಂದ ಅದಾನಲೇ, ಹೊಡಿ, ಹೊಡಿ!" ಎಂದು ಕೂಗುತ್ತಿದ್ದಾಗ ಖಾಲಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಲಟ್ಟಣಿಗೆ ಇತ್ತು.

"ಯಾರ ಬಂದಾರೋ ಬೇಟಾ? ಯಾರನ್ ಹೊಡ್ಯಾಕತ್ತಿ?"

ಫೋನ್ ತೋರಿಸಿದೆ. ನೂರು ಮಂದಿ ಒಂದು ದ್ವೀಪಕ್ಕಿಳಿದು, ನಾಲ್ವರ ತಂಡ ಕಟ್ಟಿಕೊಂಡು, ಕೊನೆಗೆ ಉಳಿದವರು ಗೆಲ್ಲುವ ಗುಂಡಿನ ಆಟ. ಬೈಯುತ್ತಾರೆ ಅಂದುಕೊಂಡೆ. ಅವರು ಲಟ್ಟಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಆಟ ಮುಗಿಯುವವರೆಗೂ ನೋಡಿದರು. ನಾನು ಸತ್ತಾಗ, "ನೀ ಭಾಳ ಓಡ್ಯಾಡ್ತಿ. ಆ ಹುಲ್ಲಾಗ ಮಕ್ಕೊಂಡಿದ್ರ ನಿನ್ನ ಯಾರ್ ನೋಡ್ತಿದ್ರು?" ಎಂದರು.

ಮರುದಿನ, ಮಗಳು ವಿಡಿಯೊ ಕಾಲಿಗೆಂದು ಕೊಡಿಸಿದ್ದ ಫೋನ್ ಹಿಡಿದು ಬಂದರು. "ನನಗೂ ಹಾಕಿ ಕೊಡು."

ಒಂದು ತಿಂಗಳಲ್ಲಿ ಅವರು ನಮ್ಮ ತಂಡದಲ್ಲಿದ್ದರು. ಉಳಿದಿಬ್ಬರು ಸೊಲ್ಲಾಪುರದ ಒಬ್ಬ ನರ್ಸ್ ಮತ್ತು ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುವವನು. ಅವರಿಬ್ಬರನ್ನು ನಾವು ಎಂದೂ ನೋಡಿರಲಿಲ್ಲ, ಮಾತೆಲ್ಲ ಆಟದೊಳಗಿನ ಮೈಕಿನಲ್ಲಿ. ಖಾಲಾ ನರ್ಸ್ ಜೊತೆ ಮರಾಠಿಯಲ್ಲಿ, ಹುಬ್ಬಳ್ಳಿಯವನ ಜೊತೆ ಕನ್ನಡದಲ್ಲಿ ಮಾತಾಡುವರು. ಎಲ್ಲರಿಗೂ ಮೊದಲು ಕೇಳುವುದು ಊಟವಾಯಿತೇ ಎಂದು. ನಾವು ಓಡಿ ಓಡಿ ಸಾಯುವಾಗ ಅವರು ಹುಲ್ಲಿನಲ್ಲಿ ಮಲಗಿ ಕಾಯುವರು. "ಅವಸರಾ ಮಾಡಬ್ಯಾಡ್ರಿ, ಎಲಿ ಹರೀತೈತಿ" ಎಂಬುದು ಬೀಡಿ ಕಟ್ಟುವಾಗಿನ ಮಾತು. ಅದನ್ನೇ ಬಂದೂಕು ಹಿಡಿದಾಗಲೂ ಹೇಳುವರು. ಹಾಗೆ ಕಾದು ಕೂತೇ ಅವರು ನಮ್ಮನ್ನು ಎಷ್ಟೋ ಸಲ ಗೆಲ್ಲಿಸಿದರು.

ಇಂಗ್ಲಿಷ್ ಅಕ್ಷರ, ಅಂಕಿ ಅವರಿಗೆ ಬರುತ್ತಿರಲಿಲ್ಲ. ಆಟದ ನಕಾಶೆಯಲ್ಲಿನ ಊರುಗಳ ಹೆಸರಿನಿಂದ ಅಕ್ಷರ, ಗುಂಡುಗಳ ಲೆಕ್ಕದಿಂದ ಅಂಕಿ ಕಲಿತರು. ಒಮ್ಮೆ ಆಸ್ಪತ್ರೆಯಲ್ಲಿ ಯಾರೋ ಹೆಂಗಸು ಚೀಟಿ ಹಿಡಿದು ಗಾಬರಿಯಾಗಿ ನಿಂತಿದ್ದಳಂತೆ. ಖಾಲಾ ಚೀಟಿ ಓದಿ, ಬಾಗಿಲ ಮೇಲಿನ ಅಂಕಿ ಓದಿ, ಅವಳನ್ನು ಆ ಕೋಣೆಗೆ ಮುಟ್ಟಿಸಿ ಬಂದರು. ಅದನ್ನು ನನಗೆ ಮೂರು ಸಲ ಹೇಳಿದರು. ಸೆರಗು ಸುತ್ತುವುದು ನಿಂತೇ ಹೋಗಿತ್ತು.

ಇನ್ನೊಂದು ಮುಖವೂ ಇತ್ತು. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ಕತ್ತು ಹಿಡಿದುಕೊಳ್ಳುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಉಬ್ಬಸದ ಔಷಧಿ ಎಳೆದುಕೊಳ್ಳುವುದನ್ನು ನಾನು ನೆನಪಿಸಬೇಕಾಗುತ್ತಿತ್ತು, ನಾನೂ ಮರೆಯುತ್ತಿದ್ದೆ. ಸಂಜೆ ಕಟ್ಟೆಗೆ ಬಂದು ಕೂರುತ್ತಿದ್ದ ಓಣಿಯ ಹೆಂಗಸರು, ಫೋನಿನಿಂದ ಕಣ್ಣೆತ್ತದೆ ಹೂಂ ಅನ್ನುವ ಖಾಲಾನ ಹತ್ತಿರ ಬರುವುದನ್ನು ಬಿಟ್ಟರು.

ಆಟದ ನಡುವೆ ಕರೆ ಬಂದರೆ ಪರದೆ ಮುಚ್ಚಿ ಸಾಯುತ್ತೇವೆಂದು, ಆಡುವಾಗ ಕರೆ ಬಾರದ ಹಾಗೆ ಅವರ ಫೋನಿನಲ್ಲಿ ಗುಂಡಿ ಒತ್ತಿಕೊಟ್ಟವನು ನಾನೇ.

ಅವರಿಗೆ ಸದಲಗಾದಲ್ಲಿ ಒಬ್ಬ ತಂಗಿ ಇದ್ದಳು. ಒಂದು ಭಾನುವಾರ ಮಧ್ಯಾಹ್ನ ನಾವು ಸತತ ನಾಲ್ಕು ಆಟ ಆಡಿ ಎದ್ದಾಗ ಖಾಲಾನ ಫೋನಿನಲ್ಲಿ ತಂಗಿಯ ಮೂರು ಕರೆಗಳಿದ್ದವು. ತಿರುಗಿ ಮಾಡಿದರೆ ಎತ್ತಿದ್ದು ತಂಗಿಯ ಸೊಸೆ. ಅತ್ತೆ ಕುಸಿದುಬಿದ್ದಿದ್ದಾಳೆ, ಚಿಕ್ಕೋಡಿ ದವಾಖಾನೆಗೆ ತಂದಿದ್ದೇವೆ ಎಂದಳು. ನಾನು ಅವರನ್ನು ಬೈಕಿನ ಮೇಲೆ ಕರೆದೊಯ್ದೆ. ತಂಗಿಯ ಕಣ್ಣು ತೆರೆದಿತ್ತು, ಮಾತು ನಿಂತಿತ್ತು. ಮೂರನೇ ದಿನ ತೀರಿಕೊಂಡಳು. ಬೀಳುವ ಮೊದಲು, ಅಕ್ಕನ ಹತ್ತಿರ ಏನೋ ಹೇಳಬೇಕು ಎಂದು ಮತ್ತೆ ಮತ್ತೆ ಫೋನ್ ಹಚ್ಚಿದ್ದಳಂತೆ. ಏನು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಖಾಲಾ ನನ್ನನ್ನು ಬೈಯಲಿಲ್ಲ. ನಾನೇ ತಪ್ಪಿಸಿಕೊಂಡು ಓಡಾಡಿದೆ. ತಂಗಿಯ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಅವರೇ ಮೇಲೆ ಬಂದರು.

"ಆ ಗುಂಡಿ ತಗದ ಬಿಡು."

"ಆಟಾನ ತಗೀತೇನ್ರಿ ಖಾಲಾ."

"ಆಟ ಇರ್ಲಿ. ಅದೇನ್ ಮಾಡೇತಿ? ಗುಂಡಿ ತಗಿ." ಆಮೇಲೆ ತಂಡದವರಿಗೆ ತಾವೇ ಹೇಳಿದರು: "ಇನ್ನ ಮ್ಯಾಲ ಫೋನ್ ಬಂದ್ರ ನಾ ಆಟದಾಗ ಸಾಯ್ತೇನಿ. ಸಿಟ್ಟ ಆಗಬ್ಯಾಡ್ರಿ."

ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮವ್ವ ಓದೂದರ ಬಗ್ಗೆ ಕೇಳಿದ್ರ ಏನ್ ಹೇಳ್ತಿ?"

ಹಿಂದಿನ ವರ್ಷ ನಾನು ಪರೀಕ್ಷೆಗೆ ಅರ್ಜಿಯನ್ನೇ ಹಾಕಿರಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು ಎಂದು ಅವ್ವನಿಗೆ ಹೇಳಿದ್ದೆ.

"ನನ್ನ ಕೆಲಸ ಮುಗದೈತಿ ಬೇಟಾ, ಆ ಜಾಗಾದಾಗ ಆಟ ಬಂದೈತಿ. ನಿಂದು ಇನ್ನಾ ಶುರುನ ಆಗಿಲ್ಲ, ಜಾಗಾ ಅದು ಹಿಡಕೊಂಡ ಕುಂತೈತಿ. ನಾಳೆ ಅವ್ವನ್ನ ಕರಸು."

ಅವ್ವ ಬೇಡಕಿಹಾಳದಿಂದ ಬೆಳಗಿನ ಬಸ್ಸಿಗೆ ಬಂದಳು. ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. "ಎಲ್ಲಿ, ಆಡಿ ತೋರ್ಸು" ಎಂದಳು. ಆಡಿದೆ. ಖಾಲಾ ಒಂದು ಪಕ್ಕ, ಅವ್ವ ಒಂದು ಪಕ್ಕ. ಒಂದು ತಾಸು ನೋಡಿದ ಮೇಲೆ ಅವ್ವ ಕೇಳಿದಳು:

"ಖರೇ ಹೇಳು. ಇದರಾಗ ನೀ ಅಷ್ಟ ಚಲೋ ಅದಿಯೇನು?"

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ. ದಿನಕ್ಕೆ ಹತ್ತು ತಾಸು ಆಡಿಯೂ ನಾನು ಒಬ್ಬ ಸಾಧಾರಣ ಆಟಗಾರ.

"ಇಲ್ಲವ್ವಾ."

ಅವ್ವ ಖಾಲಾನ ಮುಖ ನೋಡಿದಳು. ಖಾಲಾ, "ಉಣ್ಣಾಕ ಏಳ್ರಿ, ಬಿಸಿ ರೊಟ್ಟಿ ಅದಾವು" ಎಂದರು.

ಆ ಸಂಜೆಯೇ ಎಲ್ಲ ಸರಿಹೋಗಲಿಲ್ಲ. ಆಟವನ್ನು ಭಾನುವಾರಕ್ಕಷ್ಟೇ ಇಟ್ಟುಕೊಂಡ ಮೊದಲ ಹದಿನೈದು ದಿನ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಪರೀಕ್ಷೆ ಬರೆದೆ, ಪಾಸಾಗಲಿಲ್ಲ. ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ ಸಿಕ್ಕಿತು. ಭಾನುವಾರ ಸಂಜೆ ಒಂದು ತಾಸು ನಾಲ್ವರೂ ಆಡುವುದು ಮಾತ್ರ ತಪ್ಪಲಿಲ್ಲ. ಯಾರದಾದರೂ ಕರೆ ಬಂದು ಖಾಲಾ ಆಟದ ನಡುವೆ ನಿಂತಲ್ಲೇ ನಿಂತರೆ ನಾವು ಮೂವರೂ ಸುತ್ತ ನಿಂತು ಕಾಯುತ್ತಿದ್ದೆವು. ಬಹಳ ಸಲ ನಾಲ್ವರೂ ಸತ್ತೆವು.

ಹೋದ ಚಳಿಗಾಲದಲ್ಲಿ ಉಬ್ಬಸ ಏರಿ ಖಾಲಾ ತೀರಿಕೊಂಡರು. ಹೆಣ್ಣುಮಕ್ಕಳಿಬ್ಬರೂ ಹತ್ತಿರವಿದ್ದರು. ನಾನು ಅಥಣಿಯಿಂದ ಬಂದು ಮಣ್ಣು ಕೊಟ್ಟೆ. ಹಿರಿಯ ಮಗಳು, "ಅಮ್ಮೀದು ಆಟದ ಮಂದಿ ಇದ್ರಲ್ಲ, ಅವರಿಗೆ ನೀನ ಹೇಳು" ಎಂದಳು.

ಭಾನುವಾರ ಸಂಜೆ ಇಬ್ಬರಿಗೂ ಹೇಳಿದೆ. ಸೊಲ್ಲಾಪುರದ ನರ್ಸ್ ಮರಾಠಿಯಲ್ಲಿ ಕೇಳಿದಳು: ಅವರ ಹೆಸರೇನಿತ್ತು? ಇಷ್ಟು ವರ್ಷ ಜೊತೆಗೆ ಆಡಿಯೂ ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನನಗೂ ಗೊತ್ತಾದದ್ದು ಮಣ್ಣು ಕೊಟ್ಟ ದಿನ, ಮಗಳ ಬಾಯಿಂದ.

ಹೇಳಿದೆ. ಅವರಿಬ್ಬರೂ ಆ ಹೆಸರನ್ನು ಒಂದೊಂದು ಸಲ ನಿಧಾನವಾಗಿ ಅಂದು ನೋಡಿದರು.