ಧೂಳು ಕೇಳಿಕೊಂಡು ಹೋದ ದಿನಗಳು

ಮೊನ್ನೆ ಅಕ್ಕನ ಮಗಳ ಮನೆಗೆ ಹೋಗಿದ್ದೆ. ಆಡಿ ಬಂದ ಮಗನ ಕೈಯನ್ನು ಅವಳು ಘಮಘಮಿಸುವ ಒದ್ದೆ ಟಿಶ್ಯೂವಿನಿಂದ ಒರೆಸಿ, ಅದನ್ನು ಕಸದ ಬುಟ್ಟಿಗೆ ಹಾಕಲು ಹೊರಟಳು. ನಾನು ತಾಳೆಂದು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದೆ. ಚಿಕ್ಕಮ್ಮನಿಗೆ ಅರಳುಮರಳು ಶುರುವಾಯಿತು ಎಂದುಕೊಂಡಿರಬೇಕು ಅವಳು. ಏನು ಮಾಡಲಿ ಹೇಳಿ, ಒಂದು ಕಾಲಕ್ಕೆ ಮಕ್ಕಳ ಕೈಯ ಕೊಳೆಯೇ ನನ್ನ ಉದ್ಯೋಗವಾಗಿತ್ತು.

ತೊಂಬತ್ತರ ದಶಕದ ಮಾತು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಇರಲಿ ಎಂದು ನಮ್ಮ ಮೇಷ್ಟ್ರ ಸಂಶೋಧನೆಗೆ ಸೇರಿಕೊಂಡಿದ್ದೆ. ಮೈಸೂರಿನ ಮಕ್ಕಳ ಹೊಟ್ಟೆಗೆ ಧೂಳಿನ ಮೂಲಕ ಎಷ್ಟು ಸೀಸ ಹೋಗುತ್ತಿದೆ ಎಂದು ಅಳೆಯುವ ಹಂಬಲ ಅವರದು. ಆಗ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ರಸ್ತೆಯ ಧೂಳೇ ಕಳ್ಳ ಎಂದು ಮೇಷ್ಟ್ರು ಮೊದಲೇ ತೀರ್ಮಾನಿಸಿದ್ದರು. ನನ್ನ ಕೆಲಸ ಸುಲಭ. ಮನೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಂದು ಪೊಟ್ಟಣ, ಮಗುವಿನ ಅಂಗೈ ಬೆರಳು ಒರೆಸಿ ಇನ್ನೊಂದು ಪೊಟ್ಟಣ. ಉಳಿದದ್ದನ್ನು ಲ್ಯಾಬಿನ ಯಂತ್ರ ಹೇಳುತ್ತಿತ್ತು.

ಆದರೆ ಧೂಳು ಸಿಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಉದಯಗಿರಿ ಬಡಾವಣೆಯಲ್ಲಿ. ನಾಳೆ ಬರುತ್ತೇವೆಂದು ಹೇಳಿ ಹೋದರೆ, ಮಾರನೆಯ ದಿನ ಮನೆ ಗುಡಿಸಿ, ಸಾರಿಸಿ, ರಂಗೋಲಿ ಬಿಟ್ಟು, ಮಗುವಿಗೆ ತಲೆ ಬಾಚಿ ಪೌಡರ್ ಬಳಿದು ಕೂರಿಸಿರುತ್ತಿದ್ದರು. ನಮಗೆ ಕಸ ಬೇಕು ಎಂದರೆ ನಗುತ್ತಿದ್ದರು. ನಾಗರತ್ನ ಎಂಬಾಕೆಯಂತೂ ಮುನಿಸಿಕೊಂಡೇ ಬಿಟ್ಟರು.

"ಮನೆಗೆ ಜನ ಬತ್ತಾರೆ ಅಂದ್ರೆ ಕಸ ಬುಟ್ಕೊಂಡು ಕೂತ್ಕೊಳಕ್ಕಾಯ್ತದಾ ಮೇಡಮ್ಮೋರೇ?"

ಆಮೇಲೆ ನಾವು ಹೇಳದೆ ಕೇಳದೆ ಹೋಗತೊಡಗಿದೆವು. ನಾಗರತ್ನರ ನೆಲ ಆಗಲೂ ಅನ್ನ ಬಡಿಸಿಕೊಂಡು ಉಣ್ಣುವಷ್ಟು ಚೊಕ್ಕಟ. ಆದರೆ ಯಂತ್ರ ಬೇರೆಯೇ ಹೇಳಿತು. ನೆಲದಲ್ಲಿ ಸೀಸ ಇಲ್ಲವೆನ್ನುವಷ್ಟು ಕಡಿಮೆ. ಅವರ ಮಗಳು ಗೀತಾಳ ಪುಟ್ಟ ಕೈಗಳಲ್ಲಿ ಇಡೀ ಬೀದಿಗಿಂತ ಹೆಚ್ಚು. ಆ ಮಗು ಬಿಳಿಚಿಕೊಂಡಿತ್ತು. ಆಗಾಗ ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ಜಂತುಹುಳವಿರಬೇಕೆಂದು ಔಷಧಿ ಕುಡಿಸಿಯೂ ಆಗಿತ್ತು.

ನನಗೆ ನಿದ್ದೆ ಹತ್ತದಷ್ಟು ಕುತೂಹಲ. ಮನೆ ದೊಡ್ಡ ರಸ್ತೆಯಿಂದ ದೂರ. ಗೋಡೆಗೆ ಬರೀ ಸುಣ್ಣ. ಗಂಡ ಮಹದೇವಣ್ಣ ಹಳೇ ಬ್ಯಾಟರಿ ಬಿಚ್ಚಿ ಸೀಸದ ಪ್ಲೇಟು ತೆಗೆಯುವ ಅಂಗಡಿಯಲ್ಲಿದ್ದರು, ನಿಜ. ಆದರೆ ಅಂಗಡಿ ಇದ್ದದ್ದು ಬನ್ನಿಮಂಟಪದ ಕಡೆ, ಮಗು ಅತ್ತ ಕಾಲಿಟ್ಟಿದ್ದೇ ಇಲ್ಲ. ಹಾಗಾಗಿ ಅದನ್ನು ಬದಿಗಿಟ್ಟೆವು. ನಾನು ಮಗುವಿನ ಆಟಿಕೆ, ಬಳೆ, ಕೊನೆಗೆ ಬೆಕ್ಕಿನ ಬೆನ್ನನ್ನೂ ಒರೆಸಿದೆ. ಬೆಕ್ಕು ಪರಚಿದ್ದೇ ಲಾಭ.

ಒಂದು ಸಂಜೆ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮಹದೇವಣ್ಣ ಕೆಲಸದಿಂದ ಬಂದರು. ಗೀತಾ ಓಡಿಹೋಗಿ ಹಾರಿದಳು. ಅವರು ಎತ್ತಿಕೊಂಡದ್ದೇ ತಡ, ಅವಳು ಅಪ್ಪನ ಅಂಗಿಯ ಜೇಬಿಗೆ ಕೈ ತುರುಕಿ ಹುರಿಗಡಲೆ ತೆಗೆದು ಮುಕ್ಕತೊಡಗಿದಳು. ತಿಂದು ಮುಗಿಸಿ, ಬೆರಳು ಚೀಪಿ, ಜೇಬಿನ ಮೂಲೆಯನ್ನೂ ತಡಕಿದಳು. ದಿನಾ ಹೀಗೆಯೇ ಅಂತೆ. ನನ್ನ ಕೈಯ ಲೋಟ ಅಲ್ಲೇ ನಿಂತಿತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು.

ಜೇಬನ್ನು ಒರೆಸಿದ ಬಟ್ಟೆಯಲ್ಲಿ ಅಂಗಡಿಯ ಸೀಸದ ಧೂಳು ಪತ್ತೆಯಾದ ಮೇಲೆ ಮೇಷ್ಟ್ರೇ ಬಂದು, ಮೆಲ್ಲಗೆ ವಿಷಯ ತಿಳಿಸಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಹೇಳಿದರು. ಮಹದೇವಣ್ಣ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಅಂಗಾದ್ರೆ ನನ್ ಕೈಯಾರೆ ನಾನೇ ತಿನ್ನುಸ್ತಿದ್ನಾ ಸಾರ್?"

ನನಗಂತೂ ಅಳು ಬಂತು.

ಅಂದಿನಿಂದ ಅವರು ಮನೆಗೆ ಬಂದವರೇ ಯಾರನ್ನೂ ಮುಟ್ಟದೆ ಬಚ್ಚಲಿಗೆ ನಡೆಯುತ್ತಿದ್ದರಂತೆ. ಮಿಂದ ಮೇಲೂ ಮಗಳನ್ನು ಎತ್ತಿಕೊಳ್ಳಲು ಹೆದರಿಕೆ. ಗೀತಾಳ ಕೈ ಸ್ವಚ್ಛವಾಗುತ್ತಾ ಬಂತು, ಹೊಟ್ಟೆನೋವೂ ಕಡಿಮೆಯಾಯಿತು. ಆ ಸಂತೋಷದ ಸುದ್ದಿ ಹೊತ್ತು ಹೋದಾಗ ನಾಗರತ್ನ ನನ್ನನ್ನು ಪಕ್ಕಕ್ಕೆ ಕರೆದರು.

"ಅಪ್ಪ ನಂಗೆ ಟೂ ಬುಟ್ಬುಟ್ಟವ್ರೆ ಅಂತ ಒಂದೇ ಸಮ ಅಳ್ತದೆ ಕಣ್ರೀ ಮಗ."

ಒಳಗೆ ಮಹದೇವಣ್ಣ ಒದ್ದೆ ತಲೆಯಲ್ಲಿ ಕೂತಿದ್ದರು. ಇನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದರು. ಮಿಂದ ಮೇಲೆ ಧಾರಾಳವಾಗಿ ಎಂದೆ. ಅವರು ಕೈ ಚಾಚಿದರು. ಗೀತಾ ಬಾಗಿಲ ಮರೆಯಿಂದ ಕದಲಲಿಲ್ಲ. ಬಹಳ ಹೊತ್ತು ಅವರು ಕೈ ಚಾಚಿಕೊಂಡೇ ಇದ್ದರು. ಕೊನೆಗೆ ಅವಳು ಬಂದಳು, ಆದರೆ ಓಡಿ ಬರಲಿಲ್ಲ.

ಈಗ ಪೆಟ್ರೋಲಿನಲ್ಲಿ ಸೀಸವಿಲ್ಲ, ಮೇಷ್ಟ್ರೂ ಇಲ್ಲ. ಹೊರಗಿನಿಂದ ಬಂದವರು ಮಗುವಿಗೆ ಕೈ ಚಾಚಿದರೆ ಮೊದಲು ತೊಳೆದುಕೊಂಡು ಬನ್ನಿ ಎಂದು ನಾನು ಈಗಲೂ ಗದರುತ್ತೇನೆ. ಮೊನ್ನೆಯೂ ಅಕ್ಕನ ಅಳಿಯನನ್ನು ಬಾಗಿಲಲ್ಲೇ ತಡೆದೆ. ಅವನು ಬಚ್ಚಲಿಗೆ ಹೋದಾಗ ಮಗುವಿನ ಮುಖ ಸಣ್ಣಗಾಯಿತು. ನಾನು ಪಕ್ಕದಲ್ಲಿ ಕೂತು, ಅಪ್ಪ ನಿನ್ನನ್ನು ಎತ್ತಿಕೊಳ್ಳುವುದಕ್ಕೇ ಕೈ ತೊಳೆಯುತ್ತಿದ್ದಾನೆ ಕಣೋ ಎಂದೆ. ಗೀತಾಳಿಗೆ ಇಷ್ಟು ಹೇಳಬೇಕೆಂದು ಅಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.