ಬಾಣ ಬಿಟ್ಟ ಮೇಲಿನ ಕಥೆ

ಕಡೂರಿನ ನಮ್ಮ ಬೀದಿಗೆಲ್ಲ ಒಂದೇ ಟಿವಿ ಇದ್ದ ಕಾಲ. ಭಾನುವಾರ ಸಂಜೆಯ ಸಿನಿಮಾಕ್ಕೆ ಮಧ್ಯಾಹ್ನವೇ ಚಾಪೆ ಹಾಸಿ ಜಾಗ ಹಿಡಿಯಬೇಕಿತ್ತು. ಆ ವರ್ಷ ಹುಣಸೆ ಕಾಲದಲ್ಲಿ ಅಮ್ಮ ಆಪರೇಷನ್‌ಗೆಂದು ಶಿವಮೊಗ್ಗದ ಆಸ್ಪತ್ರೆ ಸೇರಿದ್ದಳು. ಅಪ್ಪನೂ ಅಲ್ಲೇ ಇದ್ದ. ನನ್ನನ್ನೂ ಐದು ವರ್ಷದ ತಮ್ಮ ಮಂಜನನ್ನೂ ಪಕ್ಕದ ಮನೆಯ ಗೌರತ್ತೆ ನೋಡಿಕೊಳ್ಳುತ್ತಿದ್ದಳು.

ಒಂದು ಭಾನುವಾರದ ಸಿನಿಮಾದಲ್ಲಿ ಮಾಂತ್ರಿಕನೊಬ್ಬ ರಾಣಿಯನ್ನು ಜಿಂಕೆ ಮಾಡಿದ್ದ. ಅದು ಗೊತ್ತಿಲ್ಲದ ರಾಜ ಜಿಂಕೆಯ ಮೇಲೆ ಬಾಣ ಬಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು, ಬರಲೇ ಇಲ್ಲ.

ಮಂಜ ಊಟ ಬಿಟ್ಟ. "ಬಾಣ ತಗುಲ್ತಾ ಅಕ್ಕ?" ಅದೊಂದೇ ಮಾತು. ಅವನಿಗೆ ರಾಣಿಯೂ ಅಮ್ಮನೂ ಒಂದೇ ಆಗಿಬಿಟ್ಟಿದ್ದರು.

ಗೌರತ್ತೆ ಆ ಸಿನಿಮಾ ಟಾಕೀಸಿನಲ್ಲಿ ನೋಡಿದ್ದವಳು. ಮರುದಿನ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದವಳ ಮುಂದೆ ಹೋಗಿ ಕುಳಿತೆ.

"ಮುಂದೇನಾಯ್ತು ಹೇಳು ಅತ್ತೆ."

"ಪುಗಸಟ್ಟೆ ಹೇಳಕ್ಕಾಗ್ತದಾ? ಎರಡು ಮೊರ ಹಣ್ಣು ಬೀಜ ಬಿಡಿಸು."

"ಒಂದು ಮೊರ. ಅದೂ ಬಾಣದ್ದು ಮೊದ್ಲು ಹೇಳಿದ್ರೆ."

"ಸಂತೇಲೇ ಹುಟ್ಟಿದ್ಯೇನೇ ನೀನು? ಆಯ್ತು. ಬಾಣ ಬಾಲ ಸವರ್ಕೊಂಡು ಹೋಯ್ತು, ಜಿಂಕೆ ಓಡ್ತು. ಎಲ್ಲಿಗೆ ಅಂತ ಬೇಕಾದ್ರೆ ಮಂಜ ತುತ್ತು ನುಂಗ್ಲಿ."

ಅಲ್ಲಿಂದ ಊಟಕ್ಕೊಂದು ಕಾಡು. ಜಿಂಕೆ ಬೆಟ್ಟ ಹತ್ತಿತು, ಮಾತಾಡುವ ಆಮೆಯ ಬೆನ್ನೇರಿ ಹೊಳೆ ದಾಟಿತು. ಮಂಜ ಬಾಯಿ ಬಿಟ್ಟುಕೊಂಡು ಮುದ್ದೆ ನುಂಗಿದ. ಉಪ್ಪು, ಬೆಲ್ಲ, ಮೆಣಸಿನಕಾಯಿ ಹಾಕಿ ಕುಟ್ಟಿದ ಹುಣಸೆಯನ್ನು ಕಡ್ಡಿಗೆ ಮೆತ್ತಿ ಚೀಪುತ್ತ ನಾನೂ ಕೇಳಿದೆ. ಹತ್ತು ದಿನದ ಮೇಲೆ ಅಮ್ಮ ಬಂದಳು. ಅವತ್ತೇ ಜಿಂಕೆ ರಾಣಿಯಾಯಿತು.

ಮುಂದೆ ನಾನು ಕೊಬ್ಬರಿ ವ್ಯಾಪಾರಕ್ಕಿಳಿದೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎನ್ನುತ್ತಾರೆ. ಎರಡು ಮೊರವನ್ನು ಒಂದಕ್ಕಿಳಿಸಿದ್ದೇ ನನ್ನ ಮೊದಲ ಗೆಲುವೆಂದು ನಾನೂ ಹೇಳಿಕೊಂಡು ತಿರುಗುತ್ತಿದ್ದೆ.

ಮೊನ್ನೆ ಮಂಜನ ಮಗಳು ಫೋನಿನಲ್ಲಿ ಅದೇ ಸಿನಿಮಾ ಹಾಕಿದಳು. ಇಷ್ಟು ವರ್ಷದ ಮೇಲೂ ಅದಕ್ಕೆ ಮಕ್ಕಳನ್ನು ಹಿಡಿದು ಕೂರಿಸುವ ಶಕ್ತಿಯಿದೆ. ಹುಡುಗಿ ಅಲ್ಲಾಡಲಿಲ್ಲ. ರಾಜ ಬಾಣ ಬಿಟ್ಟ. ಅದು ಗಾಳಿಯಲ್ಲೇ ಹೂವಿನ ಹಾರವಾಗಿ ಜಿಂಕೆಯ ಕೊರಳಿಗೆ ಬಿತ್ತು. ರಾಣಿ ಎದ್ದು ನಿಂತಳು. ಒಂದು ಹಾಡು, ಶುಭಂ. ಬಾಣ ಬಿಟ್ಟ ಮೇಲೆ ಎಲ್ಲ ಸೇರಿ ಹತ್ತು ನಿಮಿಷವಿಲ್ಲ.

"ಮಧ್ಯದ್ದೆಲ್ಲ ಕತ್ತರಿಸಿಬಿಟ್ಟವ್ರೆ ಕಣಕ್ಕ," ಎಂದ ಮಂಜ. "ಆಮೆನೇ ಬರ್ಲಿಲ್ಲ."

ನಾನು ಹೂಂ ಎಂದೆ.

ವ್ಯಾಪಾರ ಮಾಡುವವರಿಗೆ ಒಂದು ಮಾತು: ಗೆದ್ದೆವೆಂದುಕೊಂಡ ಕಡೆ, ಎದುರಿನವರು ಎಷ್ಟು ಬಿಟ್ಟುಕೊಟ್ಟರೆಂದು ಒಮ್ಮೆ ನೋಡಿಕೊಳ್ಳಿ. ನನಗೆ ಅದು ತಿಳಿಯುವ ಹೊತ್ತಿಗೆ ಗೌರತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಈಗ ಯಾವ ಸಿನಿಮಾದ ಕೊನೆಯಾದರೂ ಬೆರಳಾಡಿಸಿದರೆ ಸಿಗುತ್ತದೆ. ಅಮ್ಮ ಮನೆಗೆ ಬರುವವರೆಗೆ ಕಥೆಯನ್ನು ಮುಗಿಸದೆ ಹಿಡಿದಿಡುವವರು ಸಿಗುವುದಿಲ್ಲ.