ಬೂಟಿನೊಳಗಿನ ಕಾಲುಂಗುರ

ಹುಬ್ಬಳ್ಳಿಯ ಆ ಅಂಗಡಿಯವ ನನ್ನ ಕಾಲು ನೋಡಲೇ ಇಲ್ಲ. ಬೂಟು ಬೇಕಾಗಿದ್ದು ನನಗ, ಹಂಗಂತ ಒಳಗ ಕಾಲಿಟ್ಟ ಕೂಡಲೇ ಹೇಳಿದ್ದೆ. ಆದ್ರೂ ಅಂವ ಡಬ್ಬಿ ಮ್ಯಾಲ ಡಬ್ಬಿ ತಂದು ನಮ್ಮ ಮನಿಯವರ ಮುಂದ ಬಿಚ್ಚಿಟ್ಟು, "ನೋಡ್ರಿ ಸರ್, ಪಾದದ ಹರಡು ಹೆಂಗ ಗಟ್ಟಿ ಹಿಡಿತೈತಿ" ಅಂತ ಅವರಿಗೇ ಹೇಳಾಕತ್ತಿದ್ದ.

"ಹಾಕ್ಕೊಳ್ಳಾಕಿ ನಾನ್ರಿ" ಅಂದೆ.

ಅಂವ ನಕ್ಕ. "ಸ್ಕೂಟಿಗೆ ಇಷ್ಟೆಲ್ಲಾ ಯಾಕ್ರಿ ಮ್ಯಾಡಂ?"

ಸ್ಕೂಟಿ ಅಂತ! ಮೈ ಉರದು ಹೋತು. ಹಳ್ಳ, ಕಲ್ಲು, ಎರಿ ಮಣ್ಣು ಎಲ್ಲಾ ಹತ್ತಿ ಇಳಿಯೂ ಗಾಡಿ ನನ್ನದು. ಗಂಗಾವತ್ಯಾಗ ನಮ್ಮದೊಂದು ಬೈಕ್ ರಿಪೇರಿ ಗ್ಯಾರೇಜ್ ಐತಿ. ಸಾಣಾಪುರದ ಕೆರಿ ನೋಡಾಕಂತ ದೊಡ್ಡ ಊರಿಂದ ಬರೂ ಮಂದಿಯೊಳಗ ಕೆಲವರಿಗೆ ಡಾಂಬರ್ ರಸ್ತಾ ಬ್ಯಾಡ, ಬಂಡಿಗಲ್ಲಿನ ನಡುವ ಗಾಡಿ ಓಡಿಸೂ ಹುಚ್ಚು. ಅಂಥವರನ್ನ ಐತವಾರಕ್ಕೊಮ್ಮೆ ನಾವಿಬ್ಬರೂ ಕರಕೊಂಡು ಹೋಗ್ತೀವಿ. ನಮ್ಮ ಮನಿಯವರು ಪಾನಾ, ಪಂಪು ಹೊತ್ಕೊಂಡು ಹಿಂದ. ಮುಂದ ನಾನು.

ಮುಂದ ಯಾಕ ನಾನು ಅಂದ್ರ, ನನ್ನ ತವರುಮನಿ ಯಲಬುರ್ಗಿ ಕಡೆ, ಬೇವೂರಿನ ಹತ್ರ; ಮಂದಿಯನ್ನ ನಾವು ಆ ಕಡೆನೂ ಕರಕೊಂಡು ಹೋಗ್ತೀವಿ. ಆ ಕಡೆ ದಾರಿ ಒಂದ ಕಡೆ ಕುಂದ್ರಂಗಿಲ್ಲ. ಬ್ಯಾಸಗ್ಯಾಗ ಹೊಲ ಬರಿದಿದ್ದಾಗ ನಡು ಹೊಲದಾಗ ಬಂಡಿ ಹಾದು ದಾರಿ ಆಗಿರ್ತೈತಿ. ಮಳಿ ಬಿದ್ದು ರಂಟಿ ಹೊಡದು ಸಜ್ಜಿ ಬಿತ್ತಿದ್ರು ಅಂದ್ರ ಆ ದಾರಿ ಇರಂಗಿಲ್ಲ, ಬದುವಿನ ಮ್ಯಾಲ ಹೊರಳ್ತೈತಿ. ಬಂದವರ ಹ್ಯಾಂಡಲ್ ಮ್ಯಾಲಿನ ಜಿಪಿಎಸ್‌ಗೆ ಇದೇನು ಗೊತ್ತು? ಅದು ಬ್ಯಾಸಗಿ ದಾರಿ ತೋರಿಸ್ತೈತಿ, ಇವರು ಬ್ಯಾರೆಯವರ ಪೈರಿನ್ಯಾಗ ನುಗ್ಗಾಕ ತಯಾರು. "ಮಶೀನ್ ಹಿಂಗ ಹೇಳಾಕತ್ತೈತಿ" ಅಂತ ನನ್ನ ಜೋಡಿ ವಾದ ಬ್ಯಾರೆ! ಅದಕ್ಕ ನಾನು ವಾರದ ನಡುವ ಒಬ್ಬಾಕೀನ ಹೋಗಿ, ದಾರಿ ನೋಡಿ, ನಮ್ಮ ಜಿಪಿಎಸ್ಸಿನ್ಯಾಗ ಹೊಸದಾಗಿ ಗುರುತು ಹಾಕ್ಕೊಂಡು ಬರ್ತಿದ್ದೆ. ಹಂಗ ಒಬ್ಬಾಕೀನ ತಿರುಗೂದಕ್ಕ ಛಲೋ ಬೂಟು ಬೇಕಾಗಿತ್ತು.

ಕಡೀಗೆ ಅಂಗಡಿಯವ ಒಳಗಿಂದ ಧೂಳು ಕುಂತ ಒಂದು ಸಣ್ಣ ಜೋಡಿ ತಂದ. ಹಾಕ್ಕೊಂಡೆ. ಎಲ್ಲಾ ಕಡೆ ಕುಂತಿತು, ಬೆರಳ ಹತ್ರ ಮಾತ್ರ ಕಚ್ಚಿತು. ಕಾಲುಂಗುರ. ನನ್ನ ಲಗ್ನದಾಗ ಅತ್ತಿಯವರೇ ಹಾಕ್ಸಿದ ದಪ್ಪನ್ನ ಬೆಳ್ಳಿ ಉಂಗುರ, ಬಾಯಿ ಬಿಡದ ಸುತ್ತಿನವು. ಬಾತ್‌ರೂಮಿಗೆ ಹೋಗಿ ಸಾಬಾಣ ಹಚ್ಚಿ ಎರಡೂ ಕಾಲಿನವು ತಗದೆ. ಮತ್ತ ಬೂಟು ಹಾಕಿದೆ. ಆಹಾ! ಹಿಮ್ಮಡ ಅಲಗಾಡಲಿಲ್ಲ, ಹರಡು ಭದ್ರ, ಕಾಲು ಮತ್ತು ಬೂಟು ಒಂದ ಆದಂಗ ಅನಿಸ್ತು. ಅಂಗಡಿಯವನ ಮುಂದ ಎರಡು ಸಲ ಜಿಗದೆ, ನೋಡ್ಲಿ ಅಂತ.

ಸಂಜಿಗೆ ಮನಿಗೆ ಬಂದ್ವಿ. ಅತ್ತಿ ಹೊಸ ಬೂಟು ನೋಡಲಿಲ್ಲ, ನನ್ನ ಬೆರಳು ನೋಡಿದ್ರು.

"ಎಲ್ಲೆವ?"

"ಪರ್ಸಿನ್ಯಾಗ ಅದಾವ್ರಿ ಅತ್ತಿ. ಗಾಡಿ ಹೊಡೆಯೂ ಮುಂದ ಅಷ್ಟ ತಗೀತೀನಿ, ಬಂದು ಹಾಕ್ಕೋತೀನಿ."

"ಗಾಡಿ ಹೊಡೆಯೂ ಮುಂದ ಅಷ್ಟ!" ಅವರ ದನಿ ಏರಿತು. "ನನ್ನ ಮಗ ಆ ಕಲ್ಲಿನ್ಯಾಗ ಜೀವ ಕೈಯಾಗ ಹಿಡಕೊಂಡು ಹೋಗೂ ಹೊತ್ತಿನ್ಯಾಗ ನೀ ಬೋಳು ಕಾಲಿಲೆ ಹೋಗ್ತೀ? ಅವ ಅದಾನೋ ಇಲ್ಲೋ ಅಂತ ಮಂದಿ ಕೇಳ್ಬೇಕೇನು?"

ನಾನೂ ಸುಮ್ನ ಕುಂದ್ರೂ ಪೈಕಿ ಅಲ್ಲ. ಮಾತಿಗೆ ಮಾತು ಬೆಳೀತು. ಅತ್ತಿ ಅತ್ರು. ಮಾವನವರು ತೀರಿದ ದಿವಸ ಓಣಿಯ ಹೆಂಗಸರು ಕೂಡಿ ಅತ್ತಿಯ ಕಾಲಿನ ಉಂಗುರ ಕಿತ್ತಿದ್ದನ್ನ ಹೇಳಿದ್ರು. ಬೆರಳು ಉಬ್ಬಿತ್ತಂತ, ಎಣ್ಣಿ ಹಚ್ಚಿ ಎಳದ್ರಂತ, ನೋವು ಅಂತ ಒದರಾಕೂ ಬಿಡಲಿಲ್ಲಂತ. ಅದನ್ನ ಕೇಳಿ ನನಗೂ ಕೆಟ್ಟ ಅನಿಸ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ತಮಗ ಹಂಗ ಮಾಡಿದವರ ಮ್ಯಾಲ ಬರಬೇಕಾದ ಸಿಟ್ಟು ನನ್ನ ಮ್ಯಾಲ ಯಾಕ?

ನಮ್ಮ ಮನಿಯವರ ಮುಖ ನೋಡಿದೆ. ಬಂದ ಮಂದಿಗೆ ಅವರು ಹೆಲ್ಮೆಟ್ಟಿನ ಪಟ್ಟಿ ಜಗ್ಗಿ ನೋಡಿ, ಮಣಕಾಲಿನ ಪ್ಯಾಡ್ ಸರಿಸಿ, "ಅಳತಿ ತಪ್ಪಿದ್ದು ಹಾಕ್ಕೊಳ್ಳೂದಕ್ಕಿಂತ ಹಾಕ್ಕೊಳ್ಳದಿರೂದ ಛಲೋ" ಅಂತ ಬೈಯಾವ್ರು. ಇವತ್ತು ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ, "ಇರ್ಲಿ ಬಿಡು, ಒಂದು ಸೈಜು ದೊಡ್ಡದು ತರೂಣು, ಯಾಕ ಮನ್ಯಾಗ ಜಗಳ" ಅಂದ್ರು.

ಒಂದು ಸೈಜು ದೊಡ್ಡದು ಅಂದ್ರ ಗಂಡಸರ ಬೂಟು. ಸಣ್ಣ ಜೋಡಿ ವಾಪಸ್ ಕೊಟ್ಟು ಅದನ್ನ ತಂದ್ರು. ಉಂಗುರಕ್ಕೇನೋ ಜಾಗ ಆತು. ಕಾಲು ಮಾತ್ರ ಗಡಿಗ್ಯಾಗಿನ ಸವಟಿನಂಗ ಅತ್ತಾಗಿತ್ತಾಗ ಆಡಾಕತ್ತು. ಅದಕ್ಕೂ ಅವರ ಹತ್ರ ಉಪಾಯ ಇತ್ತು, ಹಳೀ ಬನೀನು ಹರದು ಬೆರಳಿನ ಮುಂದ ತುರುಕಿದ್ರು. ಅಮಾಸಿ ಬಂತು. ಅತ್ತಿ ಎರಡೂ ಗಾಡಿಗೆ ನೀರು ಹಾಕಿ, ಮಗನ ಗಾಡಿಗೆ ಲಿಂಬಿಹಣ್ಣು ಕಟ್ಟಿ, ಮಗನ ಹೆಲ್ಮೆಟ್ಟಿಗೆ ವಿಭೂತಿ ಹಚ್ಚಿದ್ರು. ನನ್ನ ಗಾಡಿಗೆ ಒಂದು ಹೂವು ಸಿಕ್ಕಿಸಿದ್ರು, ಅದೂ ಉಳದಿದ್ದು.

ಅವತ್ತು ನಿಂತು ಲೆಕ್ಕ ಹಾಕಿದೆ ನಾನು. ಅವರ ತಲಿಗೆ ಹೆಲ್ಮೆಟ್ಟು, ಎದಿಗೆ ಗಟ್ಟಿ ಕವಚ, ಮಣಕೈ ಮಣಕಾಲಿಗೆ ಪ್ಯಾಡು, ಕಾಲಿಗೆ ಅಳತೀ ಬೂಟು. ಇಷ್ಟೂ ಸಾಲದಂತ ನನ್ನ ಕಾಲ ಬೆರಳು. ನನ್ನ ಬೆಳ್ಳಿ ಉಂಗುರ ಅವರನ್ನ ಕಾಯ್ತಾವಂತ! ಕಾಯ್ಲಿ, ಬ್ಯಾಡನ್ನಂಗಿಲ್ಲ. ನನ್ನನ್ನ ಕಾಯೂ ಬೂಟನ್ನ ಅವೇ ಉಂಗುರ ಕೆಡಿಸಿದ್ವಲ್ಲ, ಅದನ್ನ ಯಾರು ಕೇಳಬೇಕು?

ಶ್ರಾವಣದ ಒಂದು ಬುಧವಾರ. ಬೇವೂರಿನ ಆಚೆ ಒಂದು ಹಳ್ಳ ಐತಿ, ಮಳಿ ಬಂದು ಹೋದ ಮ್ಯಾಲ ಉರುಟು ಕಲ್ಲೆಲ್ಲಾ ಮ್ಯಾಲ ಎದ್ದಿರ್ತಾವ. ಐತವಾರದ ಮಂದಿಯನ್ನ ಆ ಕಡೆ ತರಬಹುದೋ ಇಲ್ಲೋ ನೋಡಾಕ ಹೋಗಿದ್ದೆ. ಗಾಡಿ ಎಡಕ್ಕ ವಾಲಿತು. ದಿನಾ ವಾಲ್ತೈತಿ, ಅದೇನು ದೊಡ್ಡದಲ್ಲ, ಕಾಲು ಕೊಟ್ಟು ಎತ್ತಿ ನಿಲ್ಲಿಸೂದು. ಕಾಲು ಕೊಟ್ಟೆ. ಬೂಟು ಕಲ್ಲಿನ ಸಂದ್ಯಾಗ ಗಟ್ಟಿ ಕುಂತಿತು, ಒಳಗಿನ ಕಾಲು ಕುಂದರಲಿಲ್ಲ. ಬನೀನಿನ ಅರಿವಿ ಒಂದು ಕಡೆ ಗಂಟಾತು, ಹಿಮ್ಮಡ ಎದ್ದಿತು, ಹರಡು ಹೊಳ್ಳಿತು. ಟಕ್ ಅಂದಿದ್ದು ಹೆಲ್ಮೆಟ್ಟಿನೊಳಗೂ ಕೇಳಿಸ್ತು. ಯವ್ವಾ ಅಂತ ಒದರಿದ್ದು ಸುತ್ತಿನ ಹೊಲಕ್ಕೆಲ್ಲಾ ಕೇಳಿರಬೇಕು, ಆದ್ರ ಹೊಲದಾಗ ಯಾರೂ ಇರಲಿಲ್ಲ.

ಫೋನಿಗೆ ಸಿಗ್ನಲ್ ಇಲ್ಲ. ಹ್ಯಾಂಡಲ್ ಮ್ಯಾಲಿನ ಜಿಪಿಎಸ್ಸಿನ್ಯಾಗ ಒಂದು ಕೆಂಪು ಗುಂಡಿ ಐತಿ, ಒತ್ತಿ ಹಿಡಿದ್ರ ನಾವಿದ್ದ ಜಾಗ ಸೀದಾ ಮ್ಯಾಲಿನ ಉಪಗ್ರಹದಿಂದ ಮನಿಯವರ ಫೋನಿಗೆ ಹೋಗ್ತೈತಿ. ತೆವಳಿಕೋತ ಹೋಗಿ ಒತ್ತಿದೆ. ಆಮ್ಯಾಲ ಹಳ್ಳದ ದಂಡಿಗೆ ಜಾಲಿ ನೆರಳಿನ್ಯಾಗ ಬಿದ್ದುಕೊಂಡೆ. ಬೂಟಿನೊಳಗ ಕಾಲು ಉಬ್ಬಾಕತ್ತಿತು. ಹರಡಿನ ನೋವು ಒಂದು ನಮೂನಿ, ಉಂಗುರ ಇದ್ದ ಬೆರಳಿನದು ಮತ್ತೊಂದು ನಮೂನಿ. ಉಂಗುರ ಬೆರಳಿನೊಳಗ ಇಳಿಯೂದು ಗೊತ್ತಾಗ್ತಿತ್ತು. ಬಿಸಿಲು ಇಳಿಯೂ ಹೊತ್ತಿಗೆ ನಮ್ಮ ಮನಿಯವರು ಪಿಕಪ್ ಗಾಡಿ ತಗೊಂಡು ಬಂದ್ರು. ಬಂದವರ ಗಲ್ಲ ಹಸಿ ಆಗಿತ್ತು. ನೋಡಿ ನನಗ ಪಾಪ ಅನಿಸಲಿಲ್ಲ, ಸಿಟ್ಟ ಬಂತು.

ಕೊಪ್ಪಳದ ದವಾಖಾನ್ಯಾಗ ಬೂಟು ಕೊಯ್ದು ತಗದ್ರು. ಬೆರಳು ನೀಲಿ ಆಗಿತ್ತು. ಡಾಕ್ಟರು ನೋಡಿ, "ಮೊದಲು ಉಂಗುರ ಕತ್ತರಿಸ್ರಿ, ಇಲ್ಲಂದ್ರ ಬೆರಳು ಉಳಿಯಂಗಿಲ್ಲ" ಅಂದ್ರು. ನರ್ಸಮ್ಮ ಕಟರ್ ಹಿಡಕೊಂಡು ಬಂದಾಗ ಸುದ್ದಿ ಕೇಳಿ ಬಂದು ಬಾಗಲದಾಗ ನಿಂತಿದ್ದ ಅತ್ತಿ ಕೈ ಅಡ್ಡ ಹಿಡಿದ್ರು. "ಸ್ವಲ್ಪ ಎಣ್ಣಿ ಹಚ್ಚಿ ನೋಡ್ರಿ ಯವ್ವಾ, ಕತ್ತರಿಸಬ್ಯಾಡ್ರಿ" ಅಂದ್ರು. ಎಣ್ಣಿ! ತಮಗ ಎಣ್ಣಿ ಹಚ್ಚಿ ಎಳದಿದ್ದು ಮರ್ತ್ರೇನು? "ಕತ್ತರಿಸ್ರಿ!" ಅಂತ ನಾನು ಒದರಿದ ರಭಸಕ್ಕ ಮಗ್ಗಲ ಕಾಟಿನವರು ಎದ್ದು ಕುಂತ್ರು. ಕಟ್ ಅಂತು. ಉಂಗುರದ ತುಂಡು ಅತ್ತಿ ಸೆರಗಿನ್ಯಾಗ ಗಂಟು ಹಾಕ್ಕೊಂಡ್ರು. ಬೆರಳು ಉಳೀತು, ಹರಡಿಗೆ ರಾಡ್ ಹಾಕಿದ್ರು.

ಮನಿಗೆ ಬಂದ ಮ್ಯಾಲಿನ ತಮಾಷಿ ಕೇಳ್ರಿ. ಓಣಿಯ ಹೆಂಗಸರು ಮಾತಾಡಿಸಾಕ ಬರಾಕತ್ತಿದ್ರು. ಪ್ಲಾಸ್ಟರ್ ಹಾಕಿದ ಕಾಲು ದಿಂಬಿನ ಮ್ಯಾಲ ಕಂಬದಂಗ ಬಿದ್ದೈತಿ. ಬಂದಾಕಿ ಪ್ಲಾಸ್ಟರ್ ನೋಡ್ತಾಳ, ತುದಿಗೆ ಹೊರಗ ಇಣಿಕಿದ ಬೋಳು ಬೆರಳು ನೋಡ್ತಾಳ, ಗಾಬರಿ ಆಗಿ ಕೇಳ್ತಾಳ: "ಯಜಮಾನ್ರು ಅರಾಮ ಅದಾರಲ್ಲವಾ?"

ಅರಾಮ ಅದಾರ್ರಿ! ಅಲ್ಲೇ ಕಟ್ಟಿ ಮ್ಯಾಲ ಕುಂತು ಚಾ ಕುಡಿಯಾಕತ್ತಾರ, ಹೋಗಿ ಅವರನ್ನ ಮಾತಾಡಿಸ್ರಿ! ಒಬ್ಬಾಕಿ ಅಂತೂ, "ಉಂಗುರ ತಗದಿದ್ದಕ್ಕ ಹಿಂಗಾತು ನೋಡು" ಅಂತ ಹಣಿ ಬಡಕೊಂಡ್ಲು. ಯವ್ವಾ ತಾಯಿ, ಉಂಗುರ ತಗದಿದ್ದು ಕಾಲು ಮುರದ ಮ್ಯಾಲ, ಅಂತ ಹೇಳಿದೆ. ಆಕಿಗೆ ಕೇಳಿಸಲಿಲ್ಲ. ಅತ್ತಿಗೂ ಕೇಳಿಸಲಿಲ್ಲ. ಓಣಿಯವರೆಲ್ಲಾ ಸೇರಿ ಕಿವಿಯಾಗ ಹತ್ತಿ ಇಟ್ಕೊಂಡಿದ್ರೇನೋ. ಅವತ್ತ ಸಂಜಿಗೆ ಯಾರನ್ನೂ ಕೇಳದೇ ಫೋನಿನ್ಯಾಗ ನನ್ನ ಅಳತೀ ಸಣ್ಣ ಬೂಟು ತರಿಸಾಕ ಹಚ್ಚಿದೆ. ಬಂತು. ಮಂಚದ ಕಾಲಾಗ ನನಗ ಕಾಣೂ ಹಂಗ ಇಟ್ಕೊಂಡೆ.

ಪ್ಲಾಸ್ಟರ್ ಬಿಚ್ಚಿ, ಬಡಿಗಿ ಹಿಡಕೊಂಡು ನಡೆಯೂ ಹಂಗ ಆತು. ಒಂದು ಐತವಾರ ಮುಂಜಾನೆ ಅತ್ತಿ ಜಳಕ ಮಾಡಿ, ಅರಿಷಿಣ ಕುಂಕುಮದ ತಾಟಿನ್ಯಾಗ ಹೊಸ ಕಾಲುಂಗುರ ಇಟ್ಕೊಂಡು ಅಂಗಳಕ್ಕ ಬಂದ್ರು. ಪತ್ತಾರನಿಗೆ ಹೇಳಿ ಈ ಸಲ ಬಾಯಿ ಬಿಟ್ಟವು ಮಾಡಿಸ್ಯಾರ, ಒತ್ತಿದ್ರ ಎಂಥಾ ಬೆರಳಿಗಾದ್ರೂ ಕುಂದ್ರತಾವಂತ. ನಮ್ಮ ಮನಿಯವರು ಸಾಣಾಪುರದಾಗ ಕಾಯೂ ಮಂದಿ ಹತ್ರ ಹೋಗಾಕಂತ ಕಟ್ಟಿ ಮ್ಯಾಲ ಬೂಟು ಹಾಕ್ಕೊಳ್ಳಾಕತ್ತಿದ್ರು.

"ಕಾಲು ನೀಡವಾ" ಅಂದ್ರು ಅತ್ತಿ.

"ಅತ್ತಿ, ಇವು ಯಾರ ಜೀವ ಕಾಯ್ತಾವ್ರಿ?"

"ಮತ್ಯಾರದು? ನನ್ನ ಮಗಂದು."

"ಹಂಗಾದ್ರ ಅವರ ಕಾಲಿಗೇ ಹಾಕ್ರಿ."

ಅತ್ತಿ ಕಣ್ಣು ಕೆಂಪು ಮಾಡಿದ್ರು. "ನಾಲಿಗಿ ಹಿಡದು ಮಾತಾಡು" ಅಂದ್ರು. ನಾನು ಕಾಲು ನೀಡಲಿಲ್ಲ. ನಮ್ಮ ಮನಿಯವರು ಈಗ ಮತ್ತ ದೀಪ ತಗೊಂಡು ಗ್ವಾಡಿ ಹತ್ತತಾರ ಅಂದ್ಕೊಂಡೆ. ಆದ್ರ ಅವರು ಹಾಕ್ಕೊಂಡ ಬೂಟು ಬಿಚ್ಚಿದ್ರು. ಎದ್ದು ಬಂದು ತಾಟಿನ್ಯಾಗಿನ ಒಂದು ಉಂಗುರ ತಗೊಂಡು ಬಾಯಿ ಅಗಲಿಸಿ ತಮ್ಮ ಬೆರಳಿಗೆ ಒತ್ತಿದ್ರು. ಬೂಟಿನ್ಯಾಗ ಕಾಲು ತೂರಿಸಿ, ಬಂದ ಮಂದಿಗೆ ಜಗ್ಗೂ ಹಂಗ ಪಟ್ಟಿ ಎಲ್ಲಾ ಗಟ್ಟಿ ಜಗ್ಗಿದ್ರು. ಗಾಡಿ ಹತ್ತಿ ಕಾಲಿಡೂ ಕಡ್ಡಿ ಮ್ಯಾಲ ಪೂರಾ ಭಾರ ಬಿಟ್ಟು ನಿಂತ್ರು. ನಿಂತವರ ಮುಖ ಕಿವಿಚಿತು, ಹಲ್ಲು ಕಚ್ಚಿದ್ರೂ ಒಂದು "ಸ್ಸ್" ಹೊರಗ ಬಂತು.

"ಲೇ ಯಪ್ಪಾ!" ಅತ್ತಿ ತಾಟು ಬಿಟ್ಟು ಓಡಿದ್ರು. ಕುಂಕುಮ ಅಂಗಳದಾಗ ಚೆಲ್ಲಿತು. "ಇಳಿ ಕೆಳಗ! ಬೆರಳು ಕೊಯ್ಯತೈತಿ, ತಗಿ ಅದನ್ನ! ಅಂಥಾದ್ದು ಹಾಕ್ಕೊಂಡು ಗಾಡಿ ಹತ್ತತಾರೇನೋ ಹುಚ್ಚ!"

ಮಗನನ್ನ ಕಟ್ಟಿ ಮ್ಯಾಲ ಕುಂದ್ರಿಸಿ, ತಾವೇ ನೆಲಕ್ಕ ಕುಂತು, ಪಟ್ಟಿ ಬಿಚ್ಚಿ ಬೂಟು ಜಗ್ಗಿದ್ರು. ಉಂಗುರ ಕಿತ್ತು ಒಗದ್ರು. ಬೆರಳಿನ ಮ್ಯಾಲ ಒಂದು ಕೆಂಪು ಗೆರಿ ಮೂಡಿತ್ತು, ಅಷ್ಟ. ಅದನ್ನ ಹೆಬ್ಬೆಟ್ಟಿಲೆ ತಿಕ್ಕಾಕತ್ತಿದ್ರು.

ನಾನು ಬಡಿಗಿ ಊರಿಕೊಂಡು ಹತ್ರ ಹೋದೆ.

"ಅತ್ತಿ, ಈ ಮಾತು ನನಗ ಯಾಕ ಹೇಳಲಿಲ್ರಿ?"

ಅವರ ಹೆಬ್ಬೆಟ್ಟು ನಿಂತಿತು.